ವ್ಯಸನಿಯ ಪಾತ್ರ ಬರೆಯುವ ಮೊದಲು ಗಂಟೆ ನೋಡಿಕೊಳ್ಳಿ

ಹನ್ನೊಂದು ವರ್ಷ ವ್ಯಸನಮುಕ್ತಿ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಹೆಚ್ಚಾಗಿ ರಾತ್ರಿ ಪಾಳಿ. ಈಗ ಚಿತ್ರಕಥೆಗಳನ್ನು ಓದಿ ತಪ್ಪು ಹುಡುಕಿಕೊಡುತ್ತೇನೆ. ಮಾದಕ ವಸ್ತುವಿನ ಕಥೆ ಎಂದು ನನ್ನ ಮೇಜಿಗೆ ಬರುವುದರಲ್ಲಿ ಬಹುಪಾಲು ಒಂದೇ ದೃಶ್ಯ ಇರುತ್ತದೆ: ಮಂದ ಬೆಳಕು, ತೋಳಿಗೆ ಬಿಗಿದ ಪಟ್ಟಿ, ಸಿರಿಂಜ್, ಮೇಲಕ್ಕೆ ಸರಿಯುವ ಕಣ್ಣಾಲಿ, ಹಿನ್ನೆಲೆಯಲ್ಲಿ ಪಿಟೀಲು. ಪಿಟೀಲು ಮಾತ್ರ ಯಾರೂ ತಪ್ಪಿಸುವುದಿಲ್ಲ.

ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆಯುತ್ತೇನೆ: ‘ಈಗ ಗಂಟೆ ಎಷ್ಟು?’

ಬರೆದವರಿಗೆ ಗೊತ್ತಿರುವುದಿಲ್ಲ. ಪಾತ್ರಕ್ಕೆ ಗೊತ್ತಿರಬೇಕು. ಕೊನೆಯ ಬಾರಿ ತೆಗೆದುಕೊಂಡಿದ್ದು ಯಾವಾಗ, ಮೈ ಇನ್ನೆಷ್ಟು ಹೊತ್ತು ತಾಳುತ್ತದೆ, ಅಷ್ಟರೊಳಗೆ ಹಣ ಎಲ್ಲಿಂದ, ಈ ಲೆಕ್ಕ ವ್ಯಸನಿಯ ತಲೆಯಲ್ಲಿ ಸದಾ ಓಡುತ್ತಿರುತ್ತದೆ. ಅಮಲಿನ ಹೊತ್ತು ದಿನದ ಸಣ್ಣ ತುಣುಕು. ಉಳಿದದ್ದೆಲ್ಲ ಹಣ ಹೊಂದಿಸುವುದು, ಕಾಯುವುದು, ಸುಳ್ಳು ಹೇಳುವುದು, ಹೇಳಿದ ಸುಳ್ಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು. ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ಪಾತ್ರದ ಒಂದು ದಿನವನ್ನು ಗಂಟೆಗೊಂದು ಸಾಲಿನಂತೆ ಬರೆಯಿರಿ. ದೃಶ್ಯಗಳನ್ನು ಅದರಿಂದ ಆರಿಸಿಕೊಳ್ಳಿ.

ಆದರೆ ಯಾವ ವಸ್ತು ಎಂದು ತೀರ್ಮಾನಿಸದೆ ಆ ಹಾಳೆ ತುಂಬುವುದಿಲ್ಲ. ‘ಡ್ರಗ್ಸ್’ ಎಂದಷ್ಟೇ ಬರೆದು ಮುಂದೆ ಹೋಗುವವರಿದ್ದಾರೆ. ಅದು ‘ರೋಗ’ ಎಂದಷ್ಟೇ ಬರೆದಂತೆ. ಹೆರಾಯಿನ್ ಮನುಷ್ಯನನ್ನು ತೂಕಡಿಸುವಂತೆ ಮಾಡುತ್ತದೆ. ಮಾತಿನ ನಡುವೆ ತಲೆ ಜೋಲುತ್ತದೆ, ಮೂಗು, ಕೆನ್ನೆ ತುರಿಸಿಕೊಳ್ಳುತ್ತಾನೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಕೊಕೇನ್‌ನ ಪರಿಣಾಮ ಬೇಗ ಇಳಿಯುತ್ತದೆ. ಮತ್ತೆ ಮತ್ತೆ ಬೇಕೆನಿಸುತ್ತದೆ, ಒಂದೇ ರಾತ್ರಿಯಲ್ಲಿ ಜೇಬು ಬರಿದಾಗುತ್ತದೆ, ಮರುದಿನ ಮಂಕು ಕವಿಯುತ್ತದೆ. ಮೆಥಾಂಫೆಟಮೈನ್ ತೆಗೆದುಕೊಂಡವನು ದಿನಗಟ್ಟಲೆ ನಿದ್ದೆಗೆಟ್ಟು, ಹಲ್ಲು ಕಡಿಯುತ್ತಾ, ಕಿಟಕಿಯಾಚೆ ಯಾರೋ ನಿಂತಿದ್ದಾರೆ ಎಂದು ಅನುಮಾನಪಡಬಹುದು. ಒಂದು ಚಿತ್ರಕಥೆಯಲ್ಲಿ ನಾಯಕ ಹೆರಾಯಿನ್ ಚುಚ್ಚಿಕೊಂಡು ಬೆಳಗಿನ ತನಕ ಕುಣಿಯುತ್ತಿದ್ದ. ಓದಿ ನಕ್ಕುಬಿಟ್ಟೆ. ನಿರ್ದೇಶಕರು ನಗಲಿಲ್ಲ.

ಹೆರಾಯಿನ್ ಬಿಟ್ಟಾಗ ಎಲ್ಲವೂ ತಿರುವುಮುರುವು. ಎಂಟು–ಹನ್ನೆರಡು ಗಂಟೆಯ ಹೊತ್ತಿಗೆ ಆಕಳಿಕೆ ಶುರುವಾಗುತ್ತದೆ. ಕಣ್ಣು, ಮೂಗು ಸುರಿಯುತ್ತವೆ, ಮೈಮೇಲೆ ಕೋಳಿಚರ್ಮದಂತೆ ಗುಳ್ಳೆ ಏಳುತ್ತದೆ, ಪಾಪೆ ಅಗಲವಾಗುತ್ತದೆ. ಸಂಕಟ 36ರಿಂದ 72 ಗಂಟೆಗಳ ನಡುವೆ ತುದಿ ಮುಟ್ಟಿ, ವಾರದ ಹೊತ್ತಿಗೆ ಇಳಿಯುತ್ತಾ ಬರುತ್ತದೆ. ಕಪ್ಪು ಕಣ್ಣಿನ ನಟನ ಪಾಪೆ ಕ್ಯಾಮೆರಾಗೆ ಸಿಗುವುದು ಕಷ್ಟ, ಆದ್ದರಿಂದ ನಟನಿಗೆ ಆಕಳಿಕೆ ಕೊಡಿ. ಆಕಳಿಸುತ್ತಾ, ಮೂಗು ಒರೆಸಿಕೊಳ್ಳುತ್ತಾ ‘ನೆಗಡಿ’ ಎನ್ನುವವನನ್ನು ನೋಡಿದರೆ ಬಲ್ಲವರಿಗೆ ಸಾಕು, ಅರಿಯದವರಿಗೆ ಆಮೇಲೆ ಹೊಳೆಯುತ್ತದೆ.

ಈಗ, ಚಟ ಬಿಡಿಸಲು ವ್ಯಸನಿಯನ್ನು ಕೂಡಿಹಾಕಿ ಬೀಗ ಹಾಕಿದ ಕೋಣೆಯ ದೃಶ್ಯ. ಒಟ್ಟೊ ಪ್ರೆಮಿಂಜರ್ 1955ರಲ್ಲಿ ‘ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಮಾಡಿದಾಗ ಹಾಲಿವುಡ್‌ನ ನೀತಿಸಂಹಿತೆ ಮಾದಕ ವಸ್ತುವಿನ ವಿಷಯವನ್ನೇ ಮುಟ್ಟಗೊಡುತ್ತಿರಲಿಲ್ಲ. ಸಂಹಿತೆಯ ಮುದ್ರೆ ಇಲ್ಲದೆಯೇ ಚಿತ್ರ ತೆರೆಗೆ ಬಂತು, ಮರುವರ್ಷ ಆ ನಿಯಮ ಸಡಿಲವಾಯಿತು. ಅದರಲ್ಲಿ ಫ್ರಾಂಕ್ ಸಿನಾತ್ರಾ ಕೋಣೆಯೊಳಗೆ ಒದ್ದಾಡುವುದು ಆ ಕಾಲಕ್ಕೆ ನಿಜಕ್ಕೂ ಎದೆಗಾರಿಕೆ. ಅದನ್ನೇ ಇಂದೂ ಮತ್ತೆ ಮತ್ತೆ ಬರೆಯುವುದು ಸೋಮಾರಿತನ.

ನಾನು ಕಂಡದ್ದರಲ್ಲಿ ಕಿರುಚಾಟ ಕಡಿಮೆ, ಶೌಚಾಲಯಕ್ಕೆ ಓಡುವುದು ಹೆಚ್ಚು. ಹೊದಿಕೆ ಎಳೆದುಕೊಳ್ಳುತ್ತಾರೆ, ಒದ್ದು ತೆಗೆಯುತ್ತಾರೆ. ಕಾಲು ಸುಮ್ಮನಿರುವುದಿಲ್ಲ. ಆರನೇ ಹಾಸಿಗೆಯ ಹುಡುಗನೊಬ್ಬ ಒಂದು ರಾತ್ರಿ ಹತ್ತು ನಿಮಿಷಕ್ಕೊಮ್ಮೆ ನನ್ನ ಬಳಿ ಬಂದು, ‘ಸಿಸ್ಟರ್, ಎಷ್ಟಾಯಿತು?’ ಎನ್ನುತ್ತಿದ್ದ. ಗೋಡೆಯ ಗಡಿಯಾರ ಅವನ ಹಾಸಿಗೆಯ ಎದುರಿಗೇ ಇತ್ತು. ಅದು ಕೆಟ್ಟಿದೆ ಎಂದೇ ಅವನ ನಂಬಿಕೆ.

ಬೆಳಗಾಗಿ, ಬಾಗಿಲು ತೆರೆದು, ಬಿಸಿಲು ಬಿದ್ದು, ನಾಯಕ ಗುಣವಾದ ಎಂದು ಬರೆದರೆ ಆ ಪುಟವನ್ನು ನಾನು ಹರಿದೇ ಹಾಕುತ್ತೇನೆ. ನಿಜವಾದ ಅಪಾಯ ಅಲ್ಲಿಂದ ಶುರು. ಕೆಲವು ವಾರ ವಸ್ತುವಿಲ್ಲದೆ ಇದ್ದ ಮೈಗೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ, ಹಳೆಯ ಕೈಯಳತೆ ಮಾತ್ರ ನೆನಪಿರುತ್ತದೆ. ಜೈಲಿನಿಂದ, ಚಿಕಿತ್ಸಾ ಕೇಂದ್ರದಿಂದ ಹೊರಬಂದ ಮೊದಲ ವಾರಗಳಲ್ಲಿ ಸಾವಿನ ಅಪಾಯ ಏರುವುದು ಇದರಿಂದಲೇ. ಮನೆಯವರೆಲ್ಲ ನೆಮ್ಮದಿಯಾಗಿ ಮಲಗಿದ ರಾತ್ರಿಯನ್ನು ಕೊನೆಯ ಭಾಗಕ್ಕೆ ಇಟ್ಟುಕೊಳ್ಳಿ. ಬೀಗ ಹಾಕಿದ ಕೋಣೆಗಿಂತ ಅದು ಹೆಚ್ಚು ಹೆದರಿಸುತ್ತದೆ. ಇನ್ನೊಂದು ಮಾತು: ಕುಡಿತದ ವ್ಯಸನಿಯನ್ನು ಹೀಗೆ ಕೂಡಿಹಾಕುವ ದೃಶ್ಯ ಬೇಡವೇ ಬೇಡ. ಒಮ್ಮೆಲೇ ಮದ್ಯ ನಿಂತರೆ ಸೆಳವು, ಸನ್ನಿ ಬಂದು ಜೀವವೇ ಹೋಗಬಹುದು. ಕಥೆಯಲ್ಲೊಬ್ಬ ವೈದ್ಯನನ್ನು ಕರೆಸಿ.

ಓವರ್‌ಡೋಸ್ ಎಂದರೆ ಎಲ್ಲರಿಗೂ 1994ರ ‘ಪಲ್ಪ್ ಫಿಕ್ಷನ್’ನಲ್ಲಿ ಎದೆಗೆ ಚುಚ್ಚುವ ಸೂಜಿಯೇ ನೆನಪು. ವಾಸ್ತವದಲ್ಲಿ ಹೆರಾಯಿನ್ ಹೆಚ್ಚಾದವನು ಸದ್ದಿಲ್ಲದೆ ಮುಳುಗುತ್ತಾನೆ. ಉಸಿರು ನಿಧಾನವಾಗುತ್ತದೆ, ಗಂಟಲಿನಲ್ಲಿ ಗೊರಗೊರ ಸದ್ದು, ತುಟಿ ಉಗುರುಗಳು ನೀಲಿ ಇಲ್ಲವೇ ಬೂದಿ ಬಣ್ಣ. ಪಕ್ಕದ ಕೋಣೆಯವರು ಗೊರಕೆ ಎಂದುಕೊಂಡು ಬಾಗಿಲು ಮುಂದೆ ಮಾಡುತ್ತಾರೆ. ಆ ಬಾಗಿಲನ್ನು ಚಿತ್ರಿಸಿ. ಹೆರಾಯಿನ್‌ನ ಪರಿಣಾಮವನ್ನು ತಡೆಯುವ ನಲೊಕ್ಸೋನ್ ಎಂಬ ಔಷಧವನ್ನು ಮೂಗಿಗೆ ಸಿಂಪಡಿಸಿಯೋ ಸ್ನಾಯುವಿಗೆ ಚುಚ್ಚಿಯೋ ಉಸಿರು ಮರಳಿಸಬಹುದು. ಆದರೆ ಎದ್ದವನು ಕೈಮುಗಿಯುತ್ತಾನೆ ಎಂದುಕೊಳ್ಳಬೇಡಿ. ಅಮಲು ಒಮ್ಮೆಲೇ ಕಳಚಿ ಸಂಕಟ ಶುರುವಾಗಿರುತ್ತದೆ, ‘ಯಾಕೆ ಎಬ್ಬಿಸಿದೆ?’ ಎಂದು ರೇಗಬಹುದು. ಔಷಧದ ಪರಿಣಾಮ ಹೆರಾಯಿನ್‌ಗಿಂತ ಮೊದಲೇ ಇಳಿದು ಉಸಿರು ಮತ್ತೆ ಕುಗ್ಗುವ ಸಾಧ್ಯತೆಯೂ ಇದೆ, ಕಾವಲು ಕೂರಲೇಬೇಕು. ಉಳಿಸಿದವಳು, ಬೈಯುತ್ತಿರುವವನು, ಇಬ್ಬರೂ ಅದೇ ಕೋಣೆಯಲ್ಲಿ ಗಂಟೆಗಟ್ಟಲೆ. ಇದಕ್ಕಿಂತ ಒಳ್ಳೆಯ ದೃಶ್ಯ ನಾನು ಕೊಡಲಾರೆ.

ಸಂಭಾಷಣೆಗೆ ಬಂದರೆ, ಸುಳ್ಳಿಗೆ ವಿವರ ತುಂಬಿ. ನಿಜ ಹೇಳುವವನು ‘ತಡವಾಯಿತು’ ಎಂದಷ್ಟೇ ಹೇಳುತ್ತಾನೆ, ವ್ಯಸನಿ ಬಸ್ಸಿನ ಯಾವ ಚಕ್ರ ಪಂಕ್ಚರ್ ಆಯಿತು ಎಂಬುದನ್ನೂ ಹೇಳುತ್ತಾನೆ. ‘ನಾಳೆಯಿಂದ ಬಿಡುತ್ತೇನೆ’ ಎಂಬುದನ್ನು ಮಾತ್ರ ಸುಳ್ಳಿನ ಧಾಟಿಯಲ್ಲಿ ಬರೆಯಬೇಡಿ, ಹೇಳುವ ಗಳಿಗೆಯಲ್ಲಿ ಅವನು ಅದನ್ನು ನಂಬಿರುತ್ತಾನೆ. ಮನೆಯವರಿಗೆ ದೊಡ್ಡ ಮಾತು ಬೇಕಿಲ್ಲ. ಸ್ನಾನಕ್ಕೆ ಹೋಗುವಾಗಲೂ ಪರ್ಸ್ ಜೊತೆಗೆ ಒಯ್ಯುವ ತಾಯಿ ಸಾಕು. ಬಾಲ್ಯದ ಒಂದು ಆಘಾತ ತೋರಿಸಿ ಎಲ್ಲಕ್ಕೂ ಅದೇ ಕಾರಣ ಎನ್ನುವ ಹಿನ್ನೋಟಗಳು ನನಗೆ ರುಚಿಸುವುದಿಲ್ಲ, ಅಷ್ಟೇ ಹೇಳುತ್ತೇನೆ.

ಚಿತ್ರೀಕರಣದಲ್ಲಿ ಪರಿಕರಗಳನ್ನು ಹತ್ತಿರದಿಂದ ತೋರಿಸದಿರುವುದು ಲೇಸು. ಬಿಟ್ಟು ವರ್ಷವಾದವನಿಗೂ ಒಂದು ಚಮಚ, ಒಂದು ಲೈಟರ್ ಕಂಡರೆ ಆಸೆ ಕೆರಳಬಹುದು. ನಮ್ಮ ವಾರ್ಡಿನಲ್ಲಿ ಟಿವಿಯಲ್ಲಿ ಅಂಥ ದೃಶ್ಯ ಬಂದರೆ ಎದ್ದು ಹೊರಗೆ ಹೋಗುವವರಿದ್ದರು. ನಟನ ಮುಖ ನೋಡಿ, ಕೈಯನ್ನು ಬಿಡಿ. ಮೂಗಿಗೆ ಏರಿಸುವ ನಕಲಿ ಪುಡಿ ವಿಷವಲ್ಲದಿದ್ದರೂ ಹತ್ತು ಟೇಕ್ ಆದರೆ ಶ್ವಾಸಕೋಶಕ್ಕೆ ತೊಂದರೆ. ಬೆನ್ನ ಹಿಂದಿನಿಂದ ತೆಗೆದರೆ ಪುಡಿಯೇ ಬೇಡ.

ಕೊನೆಗೆ, ಬಿಟ್ಟವರನ್ನು ಭೇಟಿಯಾಗಿ, ಅವರ ಸಮಯಕ್ಕೆ ಹಣ ಕೊಡಿ. ‘ನಿಮ್ಮ ಅತಿ ಕೆಟ್ಟ ದಿನ ಯಾವುದು?’ ಎಂದು ಕೇಳಿದರೆ ಸಾವಿರ ಸಲ ಹೇಳಿ ಸವೆದ ಕಥೆಯೇ ಬರುತ್ತದೆ. ‘ಸುಮ್ಮನೆ ಒಂದು ಮಂಗಳವಾರ, ಸಂಜೆ ನಾಲ್ಕಕ್ಕೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ. ನಾನು ಕರೆದೊಯ್ದ ಯುವ ಬರಹಗಾರನಿಗೆ ಒಬ್ಬರು ಸ್ವಲ್ಪ ಯೋಚಿಸಿ, ‘ಶೂ ಪಾಲಿಶ್ ಮಾಡುತ್ತಿದ್ದೆ’ ಎಂದರು. ‘ಶೂ ಹೊಳೆಯುತ್ತಿದ್ದರೆ ಜನ ಸಾಲ ಕೊಡುತ್ತಾರೆ.’ ಹುಡುಗ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವರ ಕಾಲಿನತ್ತ ನೋಡಿದ. ಚಪ್ಪಲಿ ಹಾಕಿಕೊಂಡಿದ್ದರು.