ಹೊಸಬರಿಗೆ ಮಾರ್ಗದರ್ಶಿ: ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ ಮ್ಯೂಸಿಕಲ್ ಥಿಯೇಟರ್ ಓದುವ ಮಕ್ಕಳ ಪೋಷಕರಿಗೆ

ಇಂಗ್ಲೆಂಡಿಗೆ ಬಂದ ನಮ್ಮವರ ಮನೆಗಳಲ್ಲಿ ಹದಿನಾರರ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರ ಎಂಬ ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಆದರೆ ಇಲ್ಲಿನ ಶಾಲಾ ನಾಟಕಗಳಲ್ಲಿ ಹಾಡಿ ಕುಣಿದು ರುಚಿ ಹತ್ತಿದ ಮಗಳೋ ಮಗನೋ ಮ್ಯೂಸಿಕಲ್ ಥಿಯೇಟರ್ (ಹಾಡು, ನೃತ್ಯ, ಅಭಿನಯ ಸೇರಿದ ರಂಗಕಲೆ) ಓದುತ್ತೇನೆ ಎಂದು ಹೇಳಿದಾಗ, ಅದು ಎಂಥ ಓದು, ಯಾರು ಹಣ ಕೊಡುತ್ತಾರೆ, ಮುಂದೆ ಏನಾಗುತ್ತದೆ ಎಂದು ಕೇಳಿ ತಿಳಿಯಲು ಪೋಷಕರಿಗೆ ಪರಿಚಯದವರು ಸಿಗುವುದು ಕಡಿಮೆ. ಅಂಥವರಿಗಾಗಿ ನಮ್ಮ ಸಂಘ ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಿದೆ. ಇದರಲ್ಲಿ ಹೇಳಿರುವುದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡಿನ ಶಿಕ್ಷಣ ವ್ಯವಸ್ಥೆ ಬೇರೆಯೇ ಆಗಿದೆ.

ಸಿಕ್ಸ್ತ್ ಫಾರ್ಮ್ ಎಂದರೆ ಹನ್ನೆರಡು ಮತ್ತು ಹದಿಮೂರನೆಯ ವರ್ಷಗಳು. ವಯಸ್ಸಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಮ್ಮ ಪಿಯುಸಿ. ಇಲ್ಲಿ ತರಗತಿಯನ್ನು ನಿರ್ಧರಿಸುವುದು ಹುಟ್ಟಿದ ದಿನಾಂಕ: 2009ರ ಸೆಪ್ಟೆಂಬರ್ 1ರಿಂದ 2010ರ ಆಗಸ್ಟ್ 31ರ ಒಳಗೆ ಹುಟ್ಟಿದವರು 2026ರ ಸೆಪ್ಟೆಂಬರಿನಲ್ಲಿ ಹನ್ನೆರಡನೆಯ ವರ್ಷಕ್ಕೆ ಸೇರುತ್ತಾರೆ. ಹದಿನೆಂಟು ತುಂಬುವವರೆಗೆ ಯಾವುದಾದರೊಂದು ಓದಿನಲ್ಲಿ ಅಥವಾ ತರಬೇತಿಯಲ್ಲಿ ಇರಬೇಕೆಂಬ ನಿಯಮ 2015ರಿಂದ ಜಾರಿಯಲ್ಲಿದೆ. ಸರ್ಕಾರಿ ಅನುದಾನದ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲ, ಮತ್ತು ತಂದೆ ಅಥವಾ ತಾಯಿಯ ಉದ್ಯೋಗ ವೀಸಾದ ಅವಲಂಬಿತರಾಗಿ ಬಂದ ಹದಿನೆಂಟರೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಈ ಸೌಲಭ್ಯ ದೊರೆಯುತ್ತದೆ. ದಾಖಲಾತಿಯ ದಿನ ಕಾಲೇಜಿನವರು ಪಾಸ್‌ಪೋರ್ಟಿನ ಜೊತೆಗೆ ಇ-ವೀಸಾದ ಶೇರ್ ಕೋಡ್ (ನಿಮ್ಮ ವೀಸಾವನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಲು ಬೇಕಾದ ಸಂಕೇತ) ಕೇಳಬಹುದು. ಆ ಕೋಡ್ ತೊಂಬತ್ತು ದಿನ ಮಾತ್ರ ನಡೆಯುವುದರಿಂದ ಹಳೆಯದನ್ನು ನೆಚ್ಚಿಕೊಂಡು ಹೋಗಬೇಡಿ.

ಮ್ಯೂಸಿಕಲ್ ಥಿಯೇಟರ್ ಎಂಬ ಹೆಸರಿನ ಎ-ಲೆವೆಲ್ (ಸಿಕ್ಸ್ತ್ ಫಾರ್ಮ್‌ನಲ್ಲಿ ಒಂದೊಂದು ವಿಷಯವನ್ನೂ ಪ್ರತ್ಯೇಕವಾಗಿ ಓದಿ ಪಡೆಯುವ ಅರ್ಹತೆ) ಇಲ್ಲ. ನಾಟಕ, ನೃತ್ಯ, ಸಂಗೀತ ಎಂಬ ಪ್ರತ್ಯೇಕ ಎ-ಲೆವೆಲ್‌ಗಳಿವೆ. ಮೂರನ್ನೂ ಸೇರಿಸಿ ಕಲಿಸುವುದು ಪಿಯರ್ಸನ್ ಸಂಸ್ಥೆಯ ಬಿಟೆಕ್ ಅಥವಾ ಲಂಡನ್ ಕಲಾ ವಿಶ್ವವಿದ್ಯಾಲಯದ ಯುಎಎಲ್ ಡಿಪ್ಲೊಮಾಗಳಂಥ ಮೂರನೆಯ ಹಂತದ, ಅಂದರೆ ಎ-ಲೆವೆಲ್ ಮಟ್ಟದ ವೃತ್ತಿಪರ ಕೋರ್ಸುಗಳು. ನಮ್ಮ ಬಿ.ಟೆಕ್ ಪದವಿಗೂ ಈ ಬಿಟೆಕ್‌ಗೂ ಸಂಬಂಧವಿಲ್ಲವೆಂಬುದನ್ನು ಊರಿನ ಅಜ್ಜ ಅಜ್ಜಿಯರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಕಾಲೇಜಿನ ಹೆಸರಿಗಿಂತ ಮೊದಲು ನೋಡಬೇಕಾದದ್ದು ಕೋರ್ಸಿನ ಗಾತ್ರ. ಇವುಗಳಲ್ಲಿ ದೊಡ್ಡ ಗಾತ್ರದ ಎಕ್ಸ್‌ಟೆಂಡೆಡ್ ಡಿಪ್ಲೊಮಾ ಮೂರು ಎ-ಲೆವೆಲ್‌ಗಳಿಗೆ ಸಮ. ಅದರ ಅತ್ಯುನ್ನತ ಶ್ರೇಣಿಗೆ 168 ಯುಕಾಸ್ ಅಂಕಗಳು (ವಿಶ್ವವಿದ್ಯಾಲಯ ಪ್ರವೇಶಕ್ಕೆ ಲೆಕ್ಕ ಹಿಡಿಯುವ ಅಂಕಗಳು) ಬರುತ್ತವೆ, ಅಂದರೆ ಎ-ಲೆವೆಲ್‌ನ ಅತ್ಯುನ್ನತ ಗ್ರೇಡ್ ಆದ ಮೂರು ಎ-ಸ್ಟಾರ್‌ಗಳಿಗೆ ಬರುವಷ್ಟೇ. ಅಂಕ ಸಮವಾದರೂ ಬಾಗಿಲುಗಳು ಸಮವಲ್ಲ: ವೈದ್ಯಕೀಯ, ಎಂಜಿನಿಯರಿಂಗ್‌ನಂಥ ಪದವಿಗಳು ನಿರ್ದಿಷ್ಟ ಎ-ಲೆವೆಲ್‌ಗಳನ್ನೇ ಕೇಳುವುದರಿಂದ ಈ ಡಿಪ್ಲೊಮಾದಿಂದ ನೇರವಾಗಿ ಅಲ್ಲಿಗೆ ಹೋಗಲಾಗದು. ಮಗುವಿನ ಮನಸ್ಸು ಇನ್ನೂ ಎರಡು ದಾರಿಗಳ ನಡುವೆ ಇದ್ದರೆ, ಒಂದು ಎ-ಲೆವೆಲ್‌ನಷ್ಟಿರುವ ಸಣ್ಣ ಗಾತ್ರದ ಬಿಟೆಕ್ ಅಥವಾ ನಾಟಕದ ಎ-ಲೆವೆಲ್ ತೆಗೆದುಕೊಂಡು, ಅದರ ಜೊತೆಗೆ ಗಣಿತವನ್ನೋ ಜೀವಶಾಸ್ತ್ರವನ್ನೋ ಓದುವುದು ನಮ್ಮ ದೃಷ್ಟಿಯಲ್ಲಿ ಜಾಣತನ. ಈ ವೃತ್ತಿಪರ ಕೋರ್ಸುಗಳನ್ನು ಸರ್ಕಾರ ಸದ್ಯ ಪರಿಷ್ಕರಿಸುತ್ತಿರುವುದರಿಂದ, ನೀವು ಸೇರುವ ವರ್ಷ ಯಾವ ಅರ್ಹತಾಪತ್ರ ಸಿಗುತ್ತದೆ ಎಂದು ಓಪನ್ ಈವ್ನಿಂಗ್‌ನಲ್ಲಿ (ಕಾಲೇಜನ್ನು ನೋಡಲು ಪೋಷಕರನ್ನು ಆಹ್ವಾನಿಸುವ ಸಂಜೆ) ನೇರವಾಗಿ ಕೇಳಿರಿ.

ಓದಿನ ಸ್ವರೂಪವನ್ನು ಯಕ್ಷಗಾನ ನೋಡಿದವರಿಗೆ ವಿವರಿಸುವುದು ಸುಲಭ. ಅಲ್ಲಿ ಪದ್ಯ, ಕುಣಿತ, ಮಾತುಗಾರಿಕೆ ಒಂದೇ ಕಥೆಯನ್ನು ನಡೆಸಿಕೊಂಡು ಹೋಗುವಂತೆ ಇಲ್ಲಿಯೂ ಹಾಡು, ನೃತ್ಯ, ಅಭಿನಯ ಸೇರಿ ಕಥೆ ನಡೆಯುತ್ತದೆ; ಆದರೆ ಯಕ್ಷಗಾನದಲ್ಲಿ ಪದ್ಯವನ್ನು ಭಾಗವತರು ಹಾಡಿದರೆ, ಇಲ್ಲಿ ಕುಣಿಯುವ ಪಾತ್ರಧಾರಿಯೇ ಹಾಡಬೇಕು, ಅದೂ ಏದುಸಿರು ಕೇಳಿಸದಂತೆ. ಹೀಗಾಗಿ ವಾರದ ವೇಳಾಪಟ್ಟಿಯಲ್ಲಿ ಕಂಠ ತರಬೇತಿ ಮತ್ತು ಅಭಿನಯದ ಜೊತೆಗೆ ಜಾಝ್, ಬ್ಯಾಲೆ, ಟ್ಯಾಪ್ ನೃತ್ಯಗಳೂ ಇರುತ್ತವೆ. ಬರವಣಿಗೆ ಇರುವುದಿಲ್ಲವೆಂದು ಸೇರುವವರಿಗೆ ನಿರಾಸೆಯಾಗುತ್ತದೆ: ಪ್ರತಿ ಪ್ರಯೋಗಕ್ಕೂ ಅಭ್ಯಾಸದ ದಿನಚರಿ, ಪಾತ್ರದ ಅಧ್ಯಯನ, ತನ್ನ ಕೆಲಸದ ವಿಮರ್ಶೆ ಬರೆದು ಒಪ್ಪಿಸಬೇಕು, ಮತ್ತು ಚೆನ್ನಾಗಿ ಹಾಡುವ ಮಕ್ಕಳು ಶ್ರೇಣಿ ಕಳೆದುಕೊಳ್ಳುವುದು ಹೆಚ್ಚಾಗಿ ಈ ಬರವಣಿಗೆಯಲ್ಲಿಯೇ.

ಪ್ರವೇಶಕ್ಕೆ ಬಹುತೇಕ ಕಾಲೇಜುಗಳು ಐದು ಜಿಸಿಎಸ್‌ಇಗಳಲ್ಲಿ (ಹದಿನಾರರ ವಯಸ್ಸಿನಲ್ಲಿ ಬರೆಯುವ ಶಾಲಾ ಪರೀಕ್ಷೆಗಳು) 4 ಅಥವಾ ಅದಕ್ಕಿಂತ ಹೆಚ್ಚಿನ ಗ್ರೇಡ್ ಕೇಳಿ, ಜೊತೆಗೆ ಆಡಿಷನ್ (ಹಾಡಿ, ಕುಣಿದು, ಅಭಿನಯಿಸಿ ತೋರಿಸುವ ಆಯ್ಕೆ ಪರೀಕ್ಷೆ) ನಡೆಸುತ್ತವೆ. ನಮ್ಮ ಮಕ್ಕಳು ಇಲ್ಲಿ ಎಡವುವುದು ಪ್ರತಿಭೆಯ ಕೊರತೆಯಿಂದಲ್ಲ, ಪದ್ಧತಿ ತಿಳಿಯದೆ ಇರುವುದರಿಂದ. ಕರ್ನಾಟಕ ಸಂಗೀತ ಕಲಿತ ಹುಡುಗಿಗೆ ಶ್ರುತಿ ತನ್ನದು. ತಂಬೂರಿಯನ್ನು ತನ್ನ ಕಂಠಕ್ಕೆ ಹೊಂದಿಸಿಕೊಂಡು ಹಾಡುವುದು ಅಭ್ಯಾಸ. ಆಡಿಷನ್‌ನಲ್ಲಿ ಹಾಗಲ್ಲ. ಅವಳು ಸ್ಟಾಫ್ ನೊಟೇಶನ್‌ನಲ್ಲಿರುವ (ಪಾಶ್ಚಾತ್ಯ ಸ್ವರಲಿಪಿಯ) ಹಾಳೆಗಳನ್ನು ಹಿಂದೆಂದೂ ನೋಡಿರದ ಪಿಯಾನೊ ವಾದಕರ ಕೈಗೆ ಕೊಡಬೇಕು, ಮತ್ತು ಅವರು ಹಾಳೆಯಲ್ಲಿರುವ ಶ್ರುತಿಯಲ್ಲಿಯೇ ನುಡಿಸುತ್ತಾರೆ. ಆದ್ದರಿಂದ ತನ್ನ ಕಂಠಕ್ಕೆ ಸರಿಯಾದ ಶ್ರುತಿಯಲ್ಲಿರುವ ಪ್ರತಿಯನ್ನು ಮೊದಲೇ ಕೊಂಡು ಮುದ್ರಿಸಿ, ರಿಂಗ್ ಬೈಂಡರಿನಲ್ಲಿ ಎದುರುಬದುರಾಗಿ ಜೋಡಿಸಿ, ಎಲ್ಲಿಂದ ಎಲ್ಲಿಯವರೆಗೆ ಹಾಡುತ್ತಾಳೋ ಅಲ್ಲಿ ಪೆನ್ಸಿಲಿನಿಂದ ಸ್ಪಷ್ಟ ಗೆರೆ ಎಳೆದಿರಬೇಕು. ಬಿಡಿ ಹಾಳೆಗಳು ಪಿಯಾನೊ ಮೇಲಿಂದ ಜಾರಿ ಬಿದ್ದರೆ ಹಾಡು ಅಲ್ಲಿಗೇ ನಿಲ್ಲುತ್ತದೆ. ಹಾಡುವ ಮುನ್ನ ವಾದಕರ ಬಳಿ ಹೋಗಿ, ಮೊದಲ ಸಾಲನ್ನು ಮೆಲ್ಲಗೆ ಗುನುಗಿ ಕಾಲಪ್ರಮಾಣ ತಿಳಿಸುವುದು ಇಲ್ಲಿನ ರೂಢಿ. ಅವರ ಕಡೆಗೆ ಚಿಟಿಕೆ ಹೊಡೆದು ಲಯ ತೋರಿಸುವುದನ್ನು ಒರಟುತನವೆಂದು ಭಾವಿಸುತ್ತಾರೆ. ಕೆಲವು ಕಾಲೇಜುಗಳು ಹಿನ್ನೆಲೆ ಸಂಗೀತದ ಟ್ರ್ಯಾಕ್ ತರಲು ಬಿಡುತ್ತವೆ, ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಸಾಮಾನ್ಯವಾಗಿ ಬೇರೆ ಬೇರೆ ಭಾವದ ಎರಡು ಹಾಡುಗಳನ್ನೂ ಪ್ರಕಟಿತ ನಾಟಕವೊಂದರಿಂದ ಒಂದೆರಡು ನಿಮಿಷದ ಸ್ವಗತವನ್ನೂ ಕೇಳುತ್ತಾರೆ. ಹಾಡುಗಳು ಮ್ಯೂಸಿಕಲ್‌ಗಳಿಂದಲೇ ಬಂದಿರಬೇಕು. ಕೀರ್ತನೆಯಾಗಲಿ ಸಿನಿಮಾ ಹಾಡಾಗಲಿ ಎಷ್ಟು ಚೆನ್ನಾಗಿದ್ದರೂ ಅವುಗಳ ಬದಲಿಗೆ ನಡೆಯುವುದಿಲ್ಲ. ಗುಂಪಿನಲ್ಲಿ ನಡೆಯುವ ನೃತ್ಯ ತರಗತಿಯಲ್ಲಿ ಬ್ಯಾಲೆ ಕಲಿತಿರದಿದ್ದರೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಈ ಹಂತದಲ್ಲಿ ಪರೀಕ್ಷಕರು ಗಮನಿಸುವುದು ಹೇಳಿಕೊಟ್ಟದ್ದನ್ನು ಎಷ್ಟು ಬೇಗ ಹಿಡಿಯುತ್ತಾರೆ, ತಪ್ಪಿದಾಗ ನಿಲ್ಲದೆ ಹೇಗೆ ಮುಂದುವರಿಯುತ್ತಾರೆ ಎಂಬುದನ್ನು. ಭರತನಾಟ್ಯ ಕಲಿತವರ ತಾಳಜ್ಞಾನ ಮತ್ತು ಮುಖಾಭಿನಯ ಇಲ್ಲಿ ಎದ್ದು ಕಾಣುತ್ತವೆ. ಅರ್ಜಿಯಲ್ಲಿ ಅದನ್ನು ಬರೆಯಲು ಸಂಕೋಚ ಬೇಡ.

ಎಸ್‌ಎಸ್‌ಎಲ್‌ಸಿ ಅಥವಾ ಸಿಬಿಎಸ್‌ಇ ಹತ್ತನೆಯ ತರಗತಿ ಮುಗಿಸಿ ಬಂದವರು ಅಂಕಪಟ್ಟಿಯನ್ನು ಮೊದಲೇ ಕಾಲೇಜಿಗೆ ಕಳುಹಿಸಬೇಕು. ಬೇಕೆಂದರೆ ಯುಕೆ ಎನಿಕ್ ಸಂಸ್ಥೆಯಿಂದ ಸಮಾನತೆಯ ಪತ್ರ ಪಡೆಯಬಹುದು. ಇಂಗ್ಲಿಷ್ ಮತ್ತು ಗಣಿತದಲ್ಲಿ 4ನೇ ಗ್ರೇಡ್ ಅಥವಾ ಅದಕ್ಕೆ ಸಮನೆಂದು ಒಪ್ಪಿದ ಫಲಿತಾಂಶ ಇಲ್ಲದಿದ್ದರೆ, ಡಿಪ್ಲೊಮಾದ ಜೊತೆಗೆ ಆ ವಿಷಯಗಳನ್ನೂ ಓದಬೇಕಾಗುತ್ತದೆ.

ಶುಲ್ಕವಿಲ್ಲದಿದ್ದರೂ ಖರ್ಚಿದೆ. ಜಾಝ್ ಮತ್ತು ಟ್ಯಾಪ್ ಶೂಗಳು, ಅಭ್ಯಾಸಕ್ಕೆ ಕಪ್ಪು ಉಡುಪು, ನಾಟಕ ನೋಡುವ ಪ್ರವಾಸಗಳು ಇವೆಲ್ಲ ಸೇರುತ್ತವೆ. ಶೂಗಳನ್ನು ಹಿಂದಿನ ವರ್ಷದ ವಿದ್ಯಾರ್ಥಿಗಳಿಂದ ಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಕಡಿಮೆ ಆದಾಯದ ಕುಟುಂಬಗಳಿಗಾಗಿ ಕಾಲೇಜುಗಳಲ್ಲಿ 16-19 ಬರ್ಸರಿ ಎಂಬ ಸಹಾಯಧನದ ನಿಧಿ ಇದೆ. ವಿದ್ಯಾರ್ಥಿ ಸಹಾಯ ವಿಭಾಗದಲ್ಲಿ ವಿಚಾರಿಸಿ. ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಸರ್ಕಾರ ಪೋಷಕರಿಗೆ ಕೊಡುವ ಹಣ) ಮಾತ್ರ ಬೇರೆ: ಸಾರ್ವಜನಿಕ ನಿಧಿಗೆ ಅವಕಾಶವಿಲ್ಲವೆಂಬ ಷರತ್ತು ನಿಮ್ಮ ವೀಸಾದಲ್ಲಿದ್ದರೆ ಅದಕ್ಕೆ ಅರ್ಜಿ ಹಾಕಬೇಡಿ. ಲಂಡನ್‌ನಲ್ಲಿ ವಾಸಿಸುವವರು 16+ ಜಿಪ್ ಆಯ್ಸ್ಟರ್ ಕಾರ್ಡ್ ಮಾಡಿಸಿಕೊಂಡರೆ ಬಸ್ಸು ಉಚಿತ, ಟ್ಯೂಬ್‌ಗೆ ಅರ್ಧ ದರ.

ಪ್ರದರ್ಶನದ ವಾರ ಮಕ್ಕಳು ರಾತ್ರಿ ತಡವಾಗಿ ಬರುತ್ತಾರೆ, ಮತ್ತು ಶರತ್ಕಾಲದ ಪ್ರಯೋಗಗಳು ದೀಪಾವಳಿಯ ಆಸುಪಾಸಿಗೆ ಬೀಳುವುದುಂಟು. ಸೆಪ್ಟೆಂಬರಿನಲ್ಲಿಯೇ ವರ್ಷದ ಅಭ್ಯಾಸಪಟ್ಟಿ ಕೇಳಿ ಪಡೆದು, ಊರಿಗೆ ಹೋಗುವ ಟಿಕೆಟನ್ನು ಆನಂತರವೇ ಕೊಳ್ಳಿ. ತಂಡದ ಕೆಲಸದಲ್ಲಿ ಒಬ್ಬರ ಗೈರುಹಾಜರಿಯಿಂದ ಉಳಿದವರ ಮೌಲ್ಯಮಾಪನಕ್ಕೂ ತೊಂದರೆಯಾಗುತ್ತದೆ. ನೃತ್ಯದ ಉಡುಪು ಅಥವಾ ಪ್ರಣಯದ ದೃಶ್ಯಗಳ ಬಗ್ಗೆ ಮುಜುಗರವಿದ್ದರೆ ಪಾತ್ರಹಂಚಿಕೆಗೆ ಮೊದಲೇ ಮಗುವೇ ಶಿಕ್ಷಕರಿಗೆ ತಿಳಿಸಲಿ. ಪಾತ್ರ ಕೊಟ್ಟ ಮೇಲೆ ತಂದೆ ದೂರವಾಣಿ ಮಾಡುವುದಕ್ಕಿಂತ ಇದು ಎಲ್ಲರಿಗೂ ಅನುಕೂಲ.

ಹದಿನೆಂಟರ ನಂತರದ ಲೆಕ್ಕಾಚಾರವನ್ನು ಸೇರುವ ಮೊದಲೇ ಮಾಡಬೇಕೆಂಬುದೇ ನಮ್ಮ ಮುಖ್ಯ ಸಲಹೆ. ಈ ಎರಡು ವರ್ಷ ಉಚಿತವಾಗಿ ಓದಿದ ಮಾತ್ರಕ್ಕೆ ಪದವಿಗೆ ಸ್ಥಳೀಯ ಶುಲ್ಕ ಅನ್ವಯಿಸುತ್ತದೆಂದು ಭಾವಿಸಬೇಡಿ. ಸ್ಥಳೀಯ ಶುಲ್ಕಕ್ಕೂ ವಿದ್ಯಾರ್ಥಿ ಸಾಲಕ್ಕೂ ಸಾಮಾನ್ಯವಾಗಿ ಖಾಯಂ ವಾಸದ ಅನುಮತಿ ಬೇಕು, ಕೋರ್ಸು ಶುರುವಾಗುವ ಮುಂಚಿನ ಮೂರು ವರ್ಷ ಇಲ್ಲಿ ವಾಸವಾಗಿರಬೇಕು. 2025-26ರಲ್ಲಿ ಸ್ಥಳೀಯರಿಗೆ ಗರಿಷ್ಠ ಶುಲ್ಕ 9,535 ಪೌಂಡ್. ವಿದೇಶಿ ವಿದ್ಯಾರ್ಥಿಗಳ ಶುಲ್ಕ ಅದರ ಎರಡು ಪಟ್ಟನ್ನೂ ಮೀರುವುದುಂಟು. ಪೆಕಮ್‌ನ ಮೌಂಟ್‌ವ್ಯೂ, ಚಿಸಿಕ್‌ನ ಆರ್ಟ್ಸ್‌ಎಡ್, ಲಿವರ್‌ಪೂಲ್‌ನ ಲಿಪಾದಂಥ ಸಂಸ್ಥೆಗಳ ಆಡಿಷನ್‌ಗಳು ಹದಿಮೂರನೆಯ ವರ್ಷದ ಚಳಿಗಾಲಕ್ಕೆ ಮುಂಚೆಯೇ ಆರಂಭವಾಗುವುದರಿಂದ, ಅದಕ್ಕೆ ಹಿಂದಿನ ಬೇಸಿಗೆ ರಜೆಯಲ್ಲಿಯೇ ಹಾಡು ಮತ್ತು ಸ್ವಗತಗಳನ್ನು ಆರಿಸಿಕೊಂಡಿರಬೇಕು. ಅದೇ ರಜೆಯಲ್ಲಿ ಕುಟುಂಬದ ಎಲ್ಲರ ವೀಸಾ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಮಗು ಅರ್ಜಿ ಹಾಕಲಿರುವ ಪ್ರತಿ ಸಂಸ್ಥೆಯ ಶುಲ್ಕ ವಿಭಾಗಕ್ಕೂ ಇಮೇಲ್ ಮಾಡಿ, ಮಗುವನ್ನು ಸ್ಥಳೀಯ, ವಿದೇಶಿ ಎಂಬ ಎರಡರಲ್ಲಿ ಯಾವ ಶುಲ್ಕ ವರ್ಗಕ್ಕೆ ಸೇರಿಸುತ್ತಾರೆಂಬ ಉತ್ತರವನ್ನು ಬರಹದಲ್ಲಿ ತರಿಸಿಟ್ಟುಕೊಳ್ಳಿ.