ಅಪ್ಪನ ಆರ್‌ಎಕ್ಸ್ 100: ವಾಲಿದ ಟ್ಯಾಂಕನ್ನು ನೆಟ್ಟಗೆ ಕೂರಿಸಿದ ಬಗೆ

ಅಪ್ಪನ ಯಮಹಾ ಆರ್‌ಎಕ್ಸ್ 100 ಬೈಕಿಗೆ ಹೋದ ವರ್ಷ ಪೇಂಟ್ ಮಾಡಿಸಿದೆವು. ಬಣ್ಣ ಚೆನ್ನಾಗಿ ಬಂದಿತ್ತು. ಮರುದಿನ ಬೆಳಿಗ್ಗೆ ಅಪ್ಪ ಗಾಡಿಯ ಎದುರು ನಿಂತು ಸ್ವಲ್ಪ ಹೊತ್ತು ನೋಡಿ, "ಟ್ಯಾಂಕ್ ಎಡಕ್ಕೆ ವಾಲಿದೆ ಕಣೋ" ಅಂದರು. ಅವರು ಹೇಳಿದ ಮೇಲೆ ನನಗೂ ಬೇರೇನೂ ಕಾಣಿಸದಂತಾಯಿತು.

ಮೆಕ್ಯಾನಿಕ್ ಹತ್ತಿರ ಹೋದರೆ, ಎಡಗಡೆ ಸೈಕಲ್ ಟ್ಯೂಬಿನ ತುಂಡು ಮಡಚಿ ತುರುಕಿ ಕಳಿಸಿದರು. ಎರಡೇ ದಿನಕ್ಕೆ ಅದು ಜಾರಿ ಬಿತ್ತು. ಆಮೇಲೆ ಗಾಡಿ ಜೋರಾಗಿ ಓಡಿದಾಗ ಟ್ಯಾಂಕಿನಿಂದ ಗರ್ ಅನ್ನೋ ಸದ್ದು ಬೇರೆ. ತಗಡು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಉಜ್ಜುತ್ತಿದೆ ಅಂತ ಅರ್ಥ. ಉಜ್ಜಿದಲ್ಲಿ ಬಣ್ಣ ಹೋಗುತ್ತದೆ, ತುಕ್ಕು ಹಿಡಿಯುತ್ತದೆ, ಕೊನೆಗೆ ಟ್ಯಾಂಕ್ ತೂತಾಗುತ್ತದೆ. 1985ರಲ್ಲಿ ತಯಾರಿಕೆ ಶುರುವಾಗಿ 1996ಕ್ಕೆ ನಿಂತ ಗಾಡಿ ಇದು. ಈಗ ಒಳ್ಳೇ ಹಳೇ ಟ್ಯಾಂಕ್ ಎಲ್ಲಿ ಹುಡುಕೋದು? ನಾನೇ ಬಿಚ್ಚಿ ನೋಡೋಣ ಅಂತ ಕೂತೆ.

ಬಿಚ್ಚೋ ಮೊದಲು ಅಳತೆ ತಗೊಂಡೆ. ಇದನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ಕಣ್ಣಂದಾಜು ಆಗಿಬಿಡುತ್ತದೆ. ಮನೆಯ ನೆಲವೇ ಮಟ್ಟಸವಾಗಿದೆಯೋ ಇಲ್ಲವೋ ಯಾರಿಗೆ ಗೊತ್ತು? ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ಸರಿಯಿದ್ದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿದೆ. ಟ್ಯಾಂಕಿನ ಕೆಳ ಅಂಚಿನಿಂದ ನೆಲಕ್ಕೆ ಎರಡೂ ಕಡೆ ಟೇಪ್ ಹಿಡಿದೆ. ಎಡಗಡೆ 11 ಮಿಲಿಮೀಟರ್ ಕೆಳಗಿತ್ತು.

ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ಬಂದ್ ಮಾಡಿ, ಪೈಪ್ ಬಿಚ್ಚಿ, ಇದ್ದ ಪೆಟ್ರೋಲನ್ನು ಅಂಗಳದಲ್ಲೇ ಕ್ಯಾನಿಗೆ ಇಳಿಸಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಹಾಗಾಗಿ ಮನೆಯೊಳಗೆ, ಅಡುಗೆಮನೆ ಪಕ್ಕ ಈ ಕೆಲಸ ಬೇಡವೇ ಬೇಡ. ಖಾಲಿ ಟ್ಯಾಂಕ್ ಅಂತ ಹಗುರವಾಗಿ ತಗೋಬೇಡಿ. ಒಳಗೆ ಆವಿ ತುಂಬಿರುತ್ತದೆ, ಕಿಡಿ ತಾಗಿದರೆ ಅದೇ ಜಾಸ್ತಿ ಅಪಾಯ.

ಸೀಟು ತೆಗೆದು, ಹಿಂದಿನ ಬೋಲ್ಟ್ ಬಿಚ್ಚಿ, ಟ್ಯಾಂಕನ್ನು ಹಿಂದಕ್ಕೆ ಎಳೆದೆ. ಮುಂದುಗಡೆ ಚಾಸಿನ ಎರಡೂ ಪಕ್ಕ ಒಂದೊಂದು ದುಂಡನೆ ರಬ್ಬರ್ ಇರುತ್ತದೆ. ಟ್ಯಾಂಕಿನ ಅಡಿಯ ಕಚ್ಚುಗಳು ಅದರ ಮೇಲೆ ಜಾರಿ ಕೂರುತ್ತವೆ. ನೋಡಿದರೆ ಎರಡು ರಬ್ಬರ್ ಒಂದೇ ತರಹ ಇರಲಿಲ್ಲ! ಎಡಗಡೆಯದು ಹಳೇದು, ಕಲ್ಲಿನಂತೆ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಬಲಗಡೆಯದು ಬೇರೆ ಯಾವುದೋ ಗಾಡಿಯ ದಪ್ಪ ರಬ್ಬರ್. ಎತ್ತರದಲ್ಲಿ ಸುಮಾರು 2 ಮಿಲಿಮೀಟರ್ ವ್ಯತ್ಯಾಸ. ಅಷ್ಟಕ್ಕೇ ಇಷ್ಟು ವಾಲುತ್ತದಾ ಅನ್ನಿಸಬಹುದು. ರಬ್ಬರುಗಳು ನಡುವೆ ಹತ್ತಿರ ಹತ್ತಿರ ಇವೆ, ಟ್ಯಾಂಕಿನ ಅಂಚುಗಳು ದೂರ ಇವೆ. ತಕ್ಕಡಿಯ ಮುಳ್ಳು ಚೂರು ಅಲುಗಿದರೆ ತಟ್ಟೆ ಎಷ್ಟು ಇಳಿಯುತ್ತದೆ ನೋಡಿ, ಹಾಗೆ.

ಆದರೂ 11 ಮಿಲಿಮೀಟರಿಗೆ ಲೆಕ್ಕ ಪೂರ್ತಿ ಹೊಂದಲಿಲ್ಲ. ಆಗ ಒಂದು ಉಪಾಯ ಮಾಡಿದೆ. ಚಾಸಿನ ಮೇಲಿನ ಪೈಪಿಗೆಲ್ಲ ಸೀಮೆಸುಣ್ಣ ಹಚ್ಚಿ, ಟ್ಯಾಂಕ್ ಇಟ್ಟು, ಮೆಲ್ಲಗೆ ಒತ್ತಿ ತೆಗೆದೆ. ಟ್ಯಾಂಕಿನ ಅಡಿಯಲ್ಲಿ ಬಲಗಡೆ ಬೆಳ್ಳಗೆ ಒಂದು ಗೆರೆ ಬಿದ್ದಿತ್ತು. ಅಲ್ಲಿ ನೋಡಿದರೆ ವೈರಿಂಗ್ ಕಟ್ಟು! ಪೇಂಟಿಗೆ ಬಿಚ್ಚಿದಾಗ ಕ್ಲಿಪ್ಪಿನಿಂದ ತಪ್ಪಿಸಿ ಪೈಪಿನ ಮೇಲೆ ಹಾಯಿಸಿಬಿಟ್ಟಿದ್ದರು. ಬಲಗಡೆಯಿಂದ ಟ್ಯಾಂಕನ್ನು ಎತ್ತುತ್ತಿದ್ದದ್ದು ಅದೇ. ವೈರಿನ ಹೊದಿಕೆ ಅರ್ಧ ಸವೆದಿತ್ತು. ಇನ್ನೊಂದು ತಿಂಗಳು ಓಡಿಸಿದ್ದರೆ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ಶಾರ್ಟ್ ಆಗುತ್ತಿತ್ತೇನೋ. ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಕಟ್ಟಿಗೆ ಹೊಸ ಟೇಪ್ ಸುತ್ತಿ ಅದರ ಜಾಗದಲ್ಲೇ ಕ್ಲಿಪ್ ಮಾಡಿದೆ. ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಯಿಂದ ಟ್ಯಾಂಕ್ ರಬ್ಬರ್ ಜೋಡಿಯಾಗಿಯೇ ತಂದೆ. ಒಂದನ್ನೇ ಬದಲಾಯಿಸಿದರೆ ಮತ್ತೆ ಅದೇ ಕಥೆ. ಟ್ಯಾಂಕಿನ ಅಡಿಯಲ್ಲಿ ಗಟ್ಟಿಯಾಗಿದ್ದ ಪೇಂಟ್, ಪುಟ್ಟಿಯನ್ನು ಮರದ ಚೂರಿನಿಂದ ಕೆರೆದೆ. ರಬ್ಬರಿಗೆ ಗ್ರೀಸ್ ಹಚ್ಚಲಿಲ್ಲ, ಅದು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಸೋಪಿನ ನೀರು ಸವರಿದರೆ ಸಾಕು, ನುಣ್ಣಗೆ ಜಾರುತ್ತದೆ. ಹಿಂದಿನ ಬೋಲ್ಟನ್ನು ಮೊದಲು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿದೆ. ಕೈಯಲ್ಲಿ ಹೋಗದಿದ್ದರೆ ಟ್ಯಾಂಕ್ ಇನ್ನೂ ಸರಿಯಾಗಿ ಕೂತಿಲ್ಲ ಅಂತಲೇ. ಆಗ ಸ್ಪ್ಯಾನರ್ ಹಾಕಿ ಒತ್ತಾಯ ಮಾಡಬಾರದು.

ಎಲ್ಲ ಕೂರಿಸಿ, ಪೈಪ್ ಹಾಕಿ, ಎಲ್ಲೂ ಜಿನುಗುತ್ತಿಲ್ಲ ಅಂತ ನೋಡಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ. ಇಂಜಿನ್ ಸದ್ದು ಏರಬಾರದು. ಏರಿದರೆ ಆಕ್ಸಿಲರೇಟರ್ ಕೇಬಲ್ ಟ್ಯಾಂಕಿನ ಅಡಿ ಸಿಕ್ಕಿದೆ ಅಂತ. ಈ ಗಾಡಿಯಲ್ಲಿ ಇಂಜಿನ್ನಿಗೆ ಆಯಿಲ್ ಕಳಿಸುವ ಪಂಪಿನ ಕೇಬಲ್ಲೂ ಅದರ ಜೊತೆಗೇ ಎಳೆಯುತ್ತದೆ. ಹಾಗಾಗಿ ಇದನ್ನು ಎರಡು ಸಲ ನೋಡಿದೆ.

ಆಮೇಲೆ ಫುಲ್ ಟ್ಯಾಂಕ್ ಹಾಕಿಸಿದೆ. 10 ಲೀಟರ್ ಅಂದರೆ ಏಳು ಏಳೂವರೆ ಕೆ.ಜಿ. ಭಾರ, ಹೊಸ ರಬ್ಬರ್ ಅದಕ್ಕೆ ಒಗ್ಗಬೇಕು. ಒಂದು ವಾರ ಓಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೆದೆ. ವ್ಯತ್ಯಾಸ 2 ಮಿಲಿಮೀಟರ್. ಅಪ್ಪನಿಗೆ ಅಳತೆ ಹೇಳಲಿಲ್ಲ, ಎದುರಿಗೆ ಕರೆದು ನಿಲ್ಲಿಸಿದೆ. ಅವರು ಒಂದು ಕಣ್ಣು ಮುಚ್ಚಿ ನೋಡಿದರು, ಟ್ಯಾಂಕಿನ ಮೇಲೆ ಕೈ ಆಡಿಸಿದರು, "ಕೀ ಕೊಡು" ಅಂದರು.