ಏಳು ತಿಂಗಳಿಗೇ ಹುಟ್ಟಿದ ಮಗು ಸ್ಕೂಲಿಗೆ ಹೋಗೋತನಕ ಏನೇನು ನೋಡ್ಕೋಬೇಕು

ನಮ್ಮ ಹುಡುಗ ಹುಟ್ಟಿದ್ದು 29 ವಾರಕ್ಕೆ, ಮೇ ತಿಂಗಳ ನಡುವೆ, ಡಾಕ್ಟ್ರು ಕೊಟ್ಟಿದ್ದ ಡೇಟ್ ಆಗಸ್ಟ್ ಮೊದಲ್ನೇ ವಾರ. ಈಗ ಎರಡನೇ ಕ್ಲಾಸು. ನಮ್ಮ ದಾವಣಗೆರೆ ನಿಟುವಳ್ಳಿ ಕಡೆ ಯಾರಿಗೆ ಬೇಗ ಡೆಲಿವರಿ ಆದ್ರೂ ನನ್ ನಂಬರ್ ಕೊಟ್ಬಿಡ್ತಾರೆ, ಎಲ್ರೂ ಕೇಳೋದು ಒಂದೇ, "ಅಕ್ಕಾ, ಮುಂದೆ ಬುದ್ಧಿಗೇನೂ ತೊಂದ್ರೆ ಆಗಲ್ಲ ತಾನೆ?" ಫೋನಲ್ಲಿ ಹೇಳಿ ಹೇಳಿ ಸಾಕಾಗೈತೆ, ಅದಕ್ಕೆ ಬರೀತಿದೀನಿ.

ಮೊದ್ಲು ಡಿಸ್ಚಾರ್ಜ್ ಸಮ್ಮರಿ ತೆಗೀರಿ. ಎಷ್ಟು ವಾರ, ಎಷ್ಟು ತೂಕ, ಇದನ್ನ ಎಲ್ರೂ ನೋಡ್ತಾರೆ, ನ್ಯೂರೋಸೋನೋಗ್ರಾಂ ಅನ್ನೋ ಸಾಲನ್ನ ಯಾರೂ ಓದಲ್ಲ. ನೆತ್ತಿ ಇನ್ನೂ ಮೆತ್ತಗಿರತ್ತಲ್ಲ, ಅಲ್ಲಿಂದ ಮಾಡೋ ತಲೆ ಸ್ಕ್ಯಾನು ಅದು. ಐವಿಎಚ್ ಅಂತಿದ್ರೆ ಮಿದುಳಿನ ಒಳಗೆ ರಕ್ತ ಸೋರಿತ್ತು ಅಂತ, 1ರಿಂದ 4ರವರೆಗೆ ಗ್ರೇಡ್ ಕೊಡ್ತಾರೆ, 1 ಅಂದ್ರೆ ಸಣ್ಣದು, 4 ಅಂದ್ರೆ ದೊಡ್ಡದು. ಪಿವಿಎಲ್ ಅಂತಿದ್ರೆ ಒಳಗಿನ ಬಿಳಿ ಭಾಗಕ್ಕೆ ಪೆಟ್ಟಾಗೈತೆ ಅಂತ. ಇದ್ಯಾಕಾಗತ್ತೆ ಅಂದ್ರೆ, ಬಿಪಿ ಏರಿದ್ರೂ ಇಳಿದ್ರೂ ಮಿದುಳಿಗೆ ಹೋಗೋ ರಕ್ತ ಒಂದೇ ಸಮ ಇರೋ ಹಾಗೆ ನೋಡ್ಕೊಳ್ಳೋ ಶಕ್ತಿ ತಿಂಗಳು ತುಂಬಿ ಹುಟ್ಟಿದ ಮಗೂಗೆ ಬಂದಿರತ್ತೆ, 32 ವಾರಕ್ಕಿಂತ ಮುಂಚೆ ಹುಟ್ಟಿದ್ದಕ್ಕೆ ಅದಿನ್ನೂ ಸರಿಯಾಗಿ ಬಂದಿರಲ್ಲ, ರಕ್ತನಾಳಾನೂ ಈರುಳ್ಳಿ ಸಿಪ್ಪೆ ಥರ ತೆಳ್ಳಗೆ. ಸೋರೋದಿದ್ರೆ ಹೆಚ್ಚಾಗಿ ಮೊದಲ 3 ದಿನದಲ್ಲೇ ಸೋರತ್ತೆ, ಐಸಿಯುನಲ್ಲಿ ನರ್ಸಮ್ಮ ಪದೇ ಪದೇ ಮುಟ್ಟಬೇಡ್ರಿ ಅಂತ ರೇಗ್ತಿದ್ದಿದ್ದು ಇದಕ್ಕೇ (ನನಗೆ ಆಗ ಭಾರೀ ಸಿಟ್ಟು ಬಂದಿತ್ತು ಬಿಡಿ). ಗ್ರೇಡ್ 1 ನೋಡಿ ಎದೆ ಒಡ್ಕೋಬೇಡಿ, ಹಂಗಂತ ಸ್ಕ್ಯಾನ್ ನಾರ್ಮಲ್ ಅಂತ ಫಾಲೋಅಪ್ಪೂ ಬಿಡಬೇಡಿ.

ಇನ್ನು ಡೇಟು. ತುಂಬು ಬಸುರಿನ 40 ವಾರದಲ್ಲಿ 29 ಕಳೆದ್ರೆ 11 ವಾರ, ಅಂದ್ರೆ ಎರಡೂವರೆ ತಿಂಗಳು. 2 ವರ್ಷ ತುಂಬೋತನಕ ವಯಸ್ಸಲ್ಲಿ ಅಷ್ಟು ಕಳೆದೇ ಲೆಕ್ಕ ಹಾಕ್ಬೇಕು. ಎಂಟು ತಿಂಗಳಾದ್ರೂ ಕೂತ್ಕೊಳ್ಳಲ್ಲ ಅಂತ ನಮ್ಮತ್ತೆ ಹರಕೆ ಹೊತ್ತಿದ್ರು, ಲೆಕ್ಕ ಹಾಕಿದ್ರೆ ಐದೂವರೆ ತಿಂಗಳ ಕೂಸು ಅದು! ಆದ್ರೆ ಲಸಿಕೆಗೆ ಈ ಲೆಕ್ಕ ಇಲ್ಲ, ಅದು ಹುಟ್ಟಿದ ದಿನದಿಂದಾನೇ.

ಕಣ್ಣಿನ ಆರ್‌ಒಪಿ ಟೆಸ್ಟು (ಕಣ್ಣಿನ ಹಿಂದಿನ ಪರದೆಯ ರಕ್ತನಾಳ ಸರಿಯಾಗಿ ಬೆಳೀತಿದ್ಯಾ ಅಂತ ನೋಡೋದು) ಹುಟ್ಟಿ ನಾಲ್ಕು ವಾರದೊಳಗೆ ಆಗ್ಲೇಬೇಕು, ತೀರಾ ಚಿಕ್ಕ ಮಗು ಆದ್ರೆ ಇನ್ನೂ ಮುಂಚೆ, ಕಿವಿ ಟೆಸ್ಟೂ ಬಿಡಬೇಡಿ. ಐರನ್ ಡ್ರಾಪ್ಸ್ ಡಾಕ್ಟ್ರು ಸಾಕು ಅನ್ನೋತನಕ ಕೊಡಿ. ತಲೆ ಸುತ್ತಳತೆ ಪ್ರತಿ ವಿಸಿಟಲ್ಲೂ ಬರೆಸ್ಕೊಳ್ಳಿ. ಬೆಳವಣಿಗೆ ತಡ ಅನ್ಸಿದ್ರೆ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದ್ರೆ ಬೇಗ ಗುರುತಿಸಿ ನೋಡೋ ಕೇಂದ್ರ) ಎಲ್ಲಿ ಅಂತ ಕೇಳಿ, ಅದು ಬರೋದು ಆರ್‌ಬಿಎಸ್‌ಕೆ ಕೆಳಗೆ, ಮಕ್ಕಳ ಆರೋಗ್ಯ ತಪಾಸಣೆಗೆ ಅಂತ 2013ರಲ್ಲಿ ಶುರುವಾದ ಸರ್ಕಾರಿ ಯೋಜನೆ, 18 ವರ್ಷದವರೆಗಿನ ಮಕ್ಕಳಿಗೆ ದುಡ್ಡಿಲ್ದೆ ನೋಡ್ತಾರೆ.

ಮಿದುಳಿಗೆ ರಕ್ತ ಜಾಸ್ತಿ ಹೋಗೋ ಹಾಗೆ ಮಾಡತ್ತೆ ಅಂತ ಎಣ್ಣೆ, ಸಿರಪ್ಪು ಮಾರೋರು ಬರ್ತಾರೆ. ನಾನೂ ಒಬ್ರ ಮಾತು ಕೇಳಿ ಎರಡು ಬಾಟ್ಲಿ ತಂದಿದ್ದೆ, ದಂಡ. ದೊಡ್ಡ ಮಕ್ಕಳಲ್ಲಿ ಈ ರಕ್ತದ ಹರಿವನ್ನ ಇಂಜೆಕ್ಷನ್ನೇ ಇಲ್ದೆ ಎಂಆರ್‌ಐನಲ್ಲಿ ಅಳೀಬಹುದು, ಎಎಸ್ಎಲ್ ಅಂತಾರೆ, ಆದ್ರೆ ಅದು ಹೆಚ್ಚಾಗಿ ಸಂಶೋಧನೆಗೆ, ನಿಮ್ ಮಗೂಗೆ ಅದನ್ನ ಮಾಡ್ಸಿ ಅಂತ ಓಡಾಡೋದು ಬೇಡ. ಹರಿವಿನ ನಂಬರ್ ನೋಡಿ ಈ ಮಗು ಓದತ್ತೆ ಈ ಮಗು ಓದಲ್ಲ ಅಂತ ಹೇಳೋಕಾಗಲ್ಲ.

ಓದಿನ ವಿಷ್ಯಕ್ಕೆ ಬಂದ್ರೆ ತೊಂದ್ರೆ ಕಾಣೋದು ನಾವು ಅಂದ್ಕೊಂಡ ಕಡೆ ಅಲ್ಲ. ನಮ್ಮೋನಿಗೆ ಮಗ್ಗಿ ಬರತ್ತೆ, ಕಥೆ ಹೇಳಿದ್ರೆ ವಾರ ಆದ್ರೂ ನೆನಪಿರತ್ತೆ. ಒಂದಿನ ಅಂಗಡಿಗೆ ಕಳಿಸ್ದೆ, ಅರ್ಧ ಲೀಟರ್ ಹಾಲು, ಒಂದ್ ಕಟ್ಟು ಕೊತ್ತಂಬ್ರಿ, ಹತ್ತು ರೂಪಾಯಿ ಶುಂಠಿ, ಚಿಲ್ರೆ ಎಣಿಸ್ಕೊಂಡ್ ಬಾ ಅಂತ ಒಂದೇ ಉಸಿರಲ್ಲಿ ಹೇಳಿ. ಬರೀ ಚಿಲ್ರೆ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ದ, ಎಣಿಸಿದೀನಮ್ಮ ಅಂತ. ನಾನು ಬೈದೆ, ಈಗ್ಲೂ ಬೇಜಾರಾಗತ್ತೆ. ಹೀಗೆ ಬೇಗ ಹುಟ್ಟಿದ ಮಕ್ಕಳಿಗೆ ನಾಲ್ಕು ವಿಷ್ಯ ಒಟ್ಟಿಗೆ ತಲೇಲಿ ಇಟ್ಕೊಳ್ಳೋದು, ಬೇಗ ಬೇಗ ಬರೆಯೋದು, ಗಮನ ಕೊಟ್ಟು ಕೂರೋದು, ಇವೇ ಕಷ್ಟ ಆಗೋದು ಜಾಸ್ತಿ, ಇದು ಸೋಮಾರಿತನ ಅಲ್ಲ. ಈಗ ಹಳೇ ಕ್ಯಾಲೆಂಡರ್ ಹಿಂದೆ ಪ್ಯಾಕೆಟ್ಟು, ಸೊಪ್ಪು, ಶುಂಠಿ ಚಿತ್ರ ಬರ್ಕೊಡ್ತೀನಿ, ಮೂರೂ ತರ್ತಾನೆ. ಮನೇಲೂ ಒಂದು ಸಲಕ್ಕೆ ಒಂದೇ ಕೆಲ್ಸ ಹೇಳೋದು, ಅದು ಮುಗಿದ ಮೇಲೆ ಮುಂದಿಂದು.

ಸ್ಕೂಲಿಗೆ ಸೇರ್ಸುವಾಗ ಮತ್ತೆ ಡೇಟ್ ನೋಡ್ರಿ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ತುಂಬಿರ್ಬೇಕು. ನಮ್ಮೋನು ಮೇ ಅಲ್ವ, ಎರಡು ವಾರದಲ್ಲಿ ಒಳಗೆ ಬಿದ್ದ, ಆಗಸ್ಟಲ್ಲೇ ಹುಟ್ಟಿದ್ರೆ ಮುಂದಿನ ವರ್ಷ ಹೋಗ್ತಿದ್ದ. ಎಲ್ರೂ ಒಂದು ವರ್ಷ ವೇಸ್ಟ್ ಅಂದ್ರು, ಆದ್ರೂ ನಾವು ಒಂದು ವರ್ಷ ನಿಲ್ಸಿ ಆಮೇಲೆ ಸೇರ್ಸಿದ್ವಿ. ಎಲ್ಲ ಮಗೂಗೂ ಹಿಂಗೇ ಮಾಡಿ ಅನ್ನಲ್ಲ, ಮಕ್ಕಳ ಡಾಕ್ಟ್ರನ್ನ ಒಂದ್ಮಾತು ಕೇಳಿ. ಮಿಸ್‌ಗೆ ಮಾತ್ರ ಮೊದಲ ದಿನಾನೇ 29 ವಾರದ ಮಗು ಅಂತ ಹೇಳಿ, ಬೋರ್ಡ್ ನೋಡಿ ಬರೆಯೋಕೆ ಐದು ನಿಮಿಷ ಜಾಸ್ತಿ ಕೊಡಿ ಅಂತ ಕೇಳಿ, ಮುಂದಿನ ಬೆಂಚಲ್ಲಿ ಕೂರ್ಸೋಕೆ ಹೇಳಿ.